ಸವೆದ ಅಂಚಿನ ಬಟ್ಟಲು

ಅತ್ತಿ, ನಿಮ್ಮ ಸೊಸೆ ಶಾಂತವ್ವನ ಶರಣು. "ಮೂರನೇ ಇಯತ್ತೆ ಓದಿದ ಸೊಸಿ, ಎತ್ತಿಗೂ ಪಾಠಾ ಹೇಳ್ತಾಳ" ಎಂದು ನಗುತ್ತಿದ್ದಿರಿ. ಆ ಓದು ಇವತ್ತು ನಿಮಗೆ ಬರೆಯಲು ಉಪಯೋಗಕ್ಕೆ ಬಂತು.

ನೀವು ಕಣ್ಣು ಮುಚ್ಚಿದ ಮೇಲೆ ಅಟ್ಟ ಸೇರಿದ್ದ ಬಿತ್ತನೆಯ ಕೂರಿಗೆಯನ್ನು ಈ ಬೇಸಿಗೆಯಲ್ಲಿ ಇಳಿಸಿದೆವು. ಯುದ್ಧದಿಂದಾಗಿ ಹೊಸ ಕಬ್ಬಿಣ ಸಿಗುವುದಿಲ್ಲ. ಮುಂಡಗೋಡದ ಬಡಿಗ ಇಮಾಮಸಾಬರು ಮುರಿದ ಬಂಡಿಯ ಗಾಲಿಪಟ್ಟಿಯನ್ನೇ ಕಡಿದು ನೆಲ ಕೊರೆಯುವ ತಾಳುಗಳ ತುದಿಗೆ ಕೂಡಿಸಿದರು, ಬೀಜ ಇಳಿಯುವ ಸೀಳಿಹೋದ ಬಿದಿರ ಕೊಳವೆ ಬದಲಿಸಿದರು. "ಬೀಜದ ಬಟ್ಟಲ ಹೊಸಾದ ಮಾಡ್ತೇನ್ರಿ. ಹಿಂಬದಿ ಹಿಂಡಿ ಬಟ್ಟಲ ಗಟ್ಟಿ ಐತಿ, ಒಂದ ಕಡೆ ಅಂಚ ಸವದೈತಿ ಅಷ್ಟ" ಎಂದರು. ಮುಟ್ಟಿ ನೋಡಿದೆ. ನಿಮ್ಮ ಕೈ ಊರಿ ಊರಿ ಸವೆದ ಜಾಗ ಅದು.

ಮಾವನವರು ತೀರಿಕೊಂಡ ವರ್ಷದ ಬಿತ್ತನೆ ನೆನಪಿದೆಯೇ? ಅಲ್ಲಿಯವರೆಗೆ ನಮ್ಮೂರು ಇಂದೂರಿನಲ್ಲಿ ನಿಮ್ಮಂತೆ ಕೂರಿಗೆಗೆ ಭತ್ತ ಬಿಡುವ ಕೈ ಇನ್ನೊಂದಿರಲಿಲ್ಲ. ನಾನು ಕೂರಿಗೆಗೆ ಅರಿಸಿನ ಹಚ್ಚಿ ಏಳುವಷ್ಟರಲ್ಲಿ ನೀವು ಎಂದಿನಂತೆ ಬೀಜದ ಉಡಿ ಕಟ್ಟಿಕೊಂಡು ಬಂದಿರಿ. "ಅತ್ತಿ, ಬೀಜಕ್ಕ ಮುತ್ತೈದಿ ಕೈ ಬೇಕಂತಾರ್ರಿ" ಎಂದವಳು ನಾನೇ. ಊರಿನ ಹಿರಿಯರು ಯಾರೂ ಇನ್ನೂ ಬಾಯಿ ತೆರೆದಿರಲಿಲ್ಲ. ನಿಮ್ಮ ಮಗ ಎತ್ತಿನ ಹಗ್ಗ ಹಿಡಿದು ನೆಲ ನೋಡುತ್ತಿದ್ದರು. ನೀವು ಉಡಿ ಬಿಚ್ಚಿ ನನಗೆ ಕೊಟ್ಟಿರಿ.

ಮರುವರ್ಷ ಕೂರಿಗೆಯ ಹಿಂಬದಿಗೆ ಇನ್ನೊಂದು ಬಟ್ಟಲು ಬಂತು. ಶೇಂಗಾ ಹಿಂಡಿಯ ಪುಡಿ ಬೀಜದ ಜೊತೆಗೇ ಸಾಲಿಗೆ ಬಿದ್ದರೆ ಪೈರು ಹುಲುಸಾಗುತ್ತದೆ ಎಂದು ಯಾರೋ ಹೇಳಿದ್ದರು. ಗೊಬ್ಬರಕ್ಕೆ ಯಾವ ಕೈ ಆದರೇನು? ನಿಮಗೂ ಒಂದು ಕೆಲಸವಾಯಿತು ಎಂದು ಹಿಗ್ಗಿದೆ, ದೊಡ್ಡ ಉಪಕಾರ ಮಾಡಿದವಳ ಹಾಗೆ... ಹಿಂಡಿಯ ಧೂಳಿಗೆ ಕೆಮ್ಮುತ್ತಾ ನನ್ನ ಜೊತೆ ನಡೆಯುತ್ತಿದ್ದಿರಿ. ನನ್ನ ಸಾಲು ಎಲ್ಲೋ ದಟ್ಟ, ಎಲ್ಲೋ ಬೋಳು. "ಮುಷ್ಟಿ ಬಿಗೀ ಹಿಡೀಬ್ಯಾಡ, ಶಾಂತಾ. ಬೆರಳು ಸಡಲ ಬಿಡು, ಕಾಳು ತಾನ ಬೀಳ್ತಾವ" ಎನ್ನುತ್ತಿದ್ದಿರಿ. ಒಂದು ದಿನವಾದರೂ ನನ್ನನ್ನು ಬೈದಿದ್ದರೆ...

ನಿಮ್ಮ ಮೊಮ್ಮಗಳು ಗಂಗಿ ಹೋದ ವರ್ಷ ಗಂಡನನ್ನು ಕಳೆದುಕೊಂಡು ಹಳಿಯಾಳದಿಂದ ತವರಿಗೆ ಬಂದಳು. ಇದನ್ನು ನೋಡಲು ನೀವಿರಲಿಲ್ಲ, ಅದೇ ಒಳ್ಳೆಯದಾಯಿತು. ರೋಹಿಣಿ ಮಳೆಗೆ ಕೂರಿಗೆ ಹೂಡಿದಾಗ, ಯಾರೂ ಹೇಳದೆಯೇ ಅವಳು ಹಿಂಡಿಯ ಬುಟ್ಟಿ ಎತ್ತಿಕೊಂಡು ಹಿಂದಿನ ಬಟ್ಟಲಿನ ಬಳಿ ನಿಂತಳು. ಆ ಜಾಗ ನಾನು ಮಾಡಿಟ್ಟದ್ದಲ್ಲವೇ? ಬುಟ್ಟಿ ಕಸಿದುಕೊಂಡು, ನನ್ನ ಬೀಜದ ಉಡಿ ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿದೆ.

"ಯವ್ವಾ, ಮಂದಿ ಏನಂತಾರ?"

"ಅಂದ್ರ ಅನ್ಲಿ. ಸುಗ್ಗಿ ಆದ ಮ್ಯಾಲ ಅವರನ್ನೂ ಊಟಕ್ಕ ಕರಿಯೂಣು."

ನಿಮ್ಮ ಮಗ ನನ್ನ ಮುಖ ನೋಡಿದರು, ಆಮೇಲೆ ಎತ್ತು ಹೊಡೆದರು. ಸವೆದ ಅಂಚಿಗೆ ಕೈಯೂರಿ ನಾನು ಹಿಂಡಿ ಬಿಡುತ್ತಾ ನಡೆದೆ.

ಇವತ್ತು ಹೊಲದಲ್ಲಿ ಮೊಳಕೆ ಕಾಣಿಸಿದೆ, ಅತ್ತಿ. ಒಂದು ಸಾಲೂ ಎಲ್ಲೂ ಕಡಿದಿಲ್ಲ. ಗಂಗಿಗೆ ನಿಮ್ಮದೇ ಕೈ ಬಂದಿದೆ. ನಾನಿರುವವರೆಗೂ ಬೀಜ ಅವಳದು, ಹಿಂಡಿ ನನ್ನದು. ಒಂದು ಉಡಿ ಬಿಚ್ಚಿ ಇನ್ನೊಬ್ಬಳ ಸೊಂಟಕ್ಕೆ ಕಟ್ಟುವಷ್ಟೇ ಕೆಲಸವಿತ್ತು. ಮಗಳಿಗೆ ಮಾಡಿದ್ದನ್ನು ನಿಮಗೆ ಯಾಕೆ ಮಾಡಲಿಲ್ಲ ನಾನು?