ಭಾವಿ ಪತಿಯ ಸಹಿ

ಸ್ತ್ರೀರೋಗ ವಿಭಾಗದ ಮುಖ್ಯಸ್ಥರೇ,

ನನ್ನ ದೇಹದ ಚಿಕಿತ್ಸೆಗೆ ನನ್ನ ಸಹಿ ಸಾಲದೆಂದು ನೀವು ನನ್ನ ಕಡತ ಮುಚ್ಚಿಸಿದ್ದೀರಿ. ಅದನ್ನು ತೆರೆಸಲೆಂದೇ ಹೀಗೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಗರ್ಭಕೋಶವಿಲ್ಲದೆ, ಯೋನಿಮಾರ್ಗ ಪೂರ್ತಿ ಬೆಳೆಯದೆ ಹುಟ್ಟಿದವಳು. ಹದಿನೇಳನೇ ವಯಸ್ಸಿನಲ್ಲಿ ಇದನ್ನು ಪತ್ತೆ ಮಾಡಿದ ನಿಮ್ಮ ವಿಭಾಗ, ಎಂಟು ವಿದ್ಯಾರ್ಥಿಗಳನ್ನು ಕರೆದು ನನ್ನನ್ನು ತೋರಿಸಿ, ಮದುವೆ ಗೊತ್ತಾದ ಮೇಲೆ ಬನ್ನಿ ಎಂದು ಅಮ್ಮನಿಗೆ ಹೇಳಿ ಕಳಿಸಿತು. ದಾರಿಯುದ್ದಕ್ಕೂ ಅಮ್ಮನದು ಒಂದೇ ಮಾತು: "ಯಾರ ಹತ್ರಾನೂ ಬಾಯಿ ಬಿಡಬೇಡ." ಬಿಡಲಿಲ್ಲ. ಹೊಲಿಗೆ ಅಂಗಡಿ ಸೇರಿದೆ. ದಿನಕ್ಕೆ ಹತ್ತು ಹೆಂಗಸರನ್ನು ಕನ್ನಡಿ ಮುಂದೆ ನಿಲ್ಲಿಸಿ ಚೆನ್ನಾಗಿ ಕಾಣ್ತೀರಿ ಎನ್ನುತ್ತೇನೆ. ಅವರು ಹೋದ ಮೇಲೆ ಅದೇ ಕನ್ನಡಿಗೆ ಬಟ್ಟೆ ಇಳಿಬಿಡುತ್ತೇನೆ. ನನ್ನನ್ನು ನೋಡಿದರೆ ನನಗೇ ಅಸಹ್ಯ.

ಮೂವತ್ತನಾಲ್ಕಾಯಿತು. ಗಂಡು ಗೊತ್ತಾಗಲಿಲ್ಲ, ಆಸೆಯೂ ಬತ್ತಲಿಲ್ಲ. ನಾಚಿಕೆ ಬಿಟ್ಟು ನಿಮ್ಮಲ್ಲಿಗೆ ಬಂದು, ಯೋನಿಮಾರ್ಗ ರೂಪಿಸುವ ಚಿಕಿತ್ಸೆ ಮದುವೆಗಲ್ಲ, ನನಗೇ ಬೇಕು ಎಂದೆ. ನರ್ಸ್ ಒಂದು ಫಾರಂ ಮುಂದೆ ತಳ್ಳಿದರು; ಕೊನೆಯಲ್ಲಿ 'ಭಾವಿ ಪತಿಯ ಸಹಿ' ಎಂಬ ಕಾಲಂ. ಚಿಕಿತ್ಸೆಯಾದರೆ ನನಗೂ ಸುಖ ಗೊತ್ತಾಗುತ್ತದೆಯೇ ಎಂದು ನಿಮ್ಮನ್ನೇ ಕೇಳಿದೆ.

"ಅದೆಲ್ಲ ನಿಂಗ್ಯಾಕಮ್ಮ? ಅವನಿಗೆ ತೊಂದ್ರೆ ಆಗ್ದಿದ್ರೆ ಸಾಕು," ಎಂದಿರಿ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನಾನೂ ಕಂಡಿದ್ದೇನೆ. ಕೂಸು ಹುಟ್ಟದ ನನಗೆ, ಇಲ್ಲದ ಗಂಡನ ಅನುಕೂಲ ಹೊಲಿಯಲು ಕೂತವರನ್ನು ಅಂದೇ ಕಂಡದ್ದು.

ಬೇರೆ ದಾರಿ ಕಾಣದೆ ನಮ್ಮ ಅಂಗಡಿಯ ಕಟಿಂಗ್ ಮಾಸ್ಟರನ್ನು ಕಾಡಿ ಬೇಡಿ ಭಾವಿ ಪತಿಯೆಂದು ಕರೆತಂದೆ. ಅವರಿಗೆ ಅರವತ್ತೊಂದು, ಮೂವರು ಮೊಮ್ಮಕ್ಕಳು. ಏನು ತೊಂದರೆಯೆಂದು ಅವರಿಗೂ ಹೇಳಿರಲಿಲ್ಲ. ಸಹಿ ಹಾಕಿ ಬರುತ್ತಾರೆ ಅಂದುಕೊಂಡಿದ್ದೆ. ನೀವು ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಬಾಗಿಲು ಹಾಕಿಕೊಂಡು, ಅರ್ಧ ಗಂಟೆ ಚಿತ್ರ ಬರೆದು ನನ್ನ ದೇಹವನ್ನು ಅವರಿಗೆ ವಿವರಿಸಿದಿರಿ. ಹೊರಬಂದ ಮಾಸ್ಟರ್ ನನ್ನ ಮುಖ ನೋಡಲಿಲ್ಲ.

"ಎಷ್ಟು ಆಳ ಇದ್ರೆ ಸಾಕು ಅಂತ ನನ್ನನ್ನ ಕೇಳಿದ್ರು ಕಣಮ್ಮ. ತೊಡೋರು ಒಬ್ರು, ಅಳತೆ ಇನ್ನೊಬ್ರದಾ? ತಡ್ಕೊಳಕ್ಕಾಗ್ಲಿಲ್ಲ. ನಾನು ಇವಳ ಗಂಡ ಆಗೋನಲ್ಲ ಅಂತ ಹೇಳ್ಬಿಟ್ಟೆ."

ಮರುದಿನ ನನ್ನ ಕಡತದ ಮೇಲೆ 'ವಂಚನೆ' ಎಂದು ಬರೆಸಿ ಮುಚ್ಚಿಸಿದಿರಿ. ಯಾರ ವಂಚನೆ ಸ್ವಾಮಿ? ಸುಳ್ಳು ಗಂಡನಿಗೆ ಅರ್ಧ ಗಂಟೆ ಕೊಟ್ಟವರು, ನಿಜವಾದ ರೋಗಿಗೆ ಹದಿನೇಳು ವರ್ಷದಲ್ಲಿ ಐದು ನಿಮಿಷ ಕೊಟ್ಟಿದ್ದೀರಾ?

ಆ ಕಾಲಂ ಹೊಡೆದುಹಾಕಿ. ನನ್ನ ಚಿಕಿತ್ಸೆ ಶುರುಮಾಡಿ. ಅದಕ್ಕೂ ಮೊದಲು ನನ್ನನ್ನು ಎದುರು ಕೂರಿಸಿ, ಮಾಸ್ಟರಿಗೆ ತೋರಿಸಿದ ಚಿತ್ರವನ್ನು ನನಗೂ ಬರೆದು ತೋರಿಸಿ. ನನ್ನ ದೇಹ ಹೇಗಿದೆಯೆಂದು ನಿಮಗೆ ಗೊತ್ತು, ಎಂಟು ವಿದ್ಯಾರ್ಥಿಗಳಿಗೆ ಗೊತ್ತು, ಈಗ ದಿನಾ ನನ್ನ ಪಕ್ಕ ನಿಂತು ಬಟ್ಟೆ ಕತ್ತರಿಸುವ ಒಬ್ಬ ಅಜ್ಜನಿಗೂ ಗೊತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಇಂತಿ,
ಊರವರ ಅಳತೆಯೆಲ್ಲ ಬಾಯಿಪಾಠವಿರುವ,
ನಿಮ್ಮ ಕಡತದ ವಂಚಕಿ