ಕೆರೆಯ ನಡುವೆ ನಮ್ಮ ಮನೆ ಕಟ್ಟಿದವರಿಗೆ

ನಕ್ಷೆ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಾನು ಈ ಪತ್ರವನ್ನು ನೀರಿನೊಳಗಿಂದ ಬರೆಯುತ್ತಿಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಬೇಕಾಗಿದೆ, ಏಕೆಂದರೆ ತಮ್ಮ ಕಚೇರಿ ಹೊರಡಿಸಿರುವ ಹೊಸ ನಕ್ಷೆಯಲ್ಲಿ ನನ್ನ ಮನೆ, ಹೊಲಿಗೆ ಯಂತ್ರ ಮತ್ತು ಮಹಡಿಯ ಮೇಲಿನ ಬಟ್ಟೆ ಒಣಹಾಕುವ ತಂತಿ ಸಮೇತ, ಊರ ಕೆರೆಯ ನಟ್ಟನಡುವೆ ಇದೆ. ಆಂಬುಲೆನ್ಸು ಈಗ ಆ ನಕ್ಷೆ ನೋಡಿಕೊಂಡೇ ಓಡುತ್ತದೆ. ನನ್ನ ಅಕ್ಕನಿಗೆ ಉಬ್ಬಸ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಲು ತಮಗೆ ಪುರುಸೊತ್ತು ಸಿಕ್ಕಿಲ್ಲವಾದ್ದರಿಂದ, ಪತ್ರಿಕೆಯ ಮೂಲಕ ಎಲ್ಲರೆದುರಿಗೆ ನಾನೇ ಇಡುತ್ತಿದ್ದೇನೆ.

ನಮ್ಮ ಗಲ್ಲಿಯನ್ನು ಅಳೆಯಲು ತಮ್ಮ ಜೀಪು ಬಂದ ದಿನ ನಾನು ಬಾಗಿಲಲ್ಲೇ ಇದ್ದೆ. ಒಳಗೆ ತಮ್ಮ ಸರ್ವೆಯರ್, ಅವರ ತೊಡೆಯ ಮೇಲೆ ಲ್ಯಾಪ್‌ಟಾಪು, ಅದಕ್ಕೆ ವೈರಿನಿಂದ ಜೋಡಿಸಿದ, ಸಾಬೂನಿನ ಡಬ್ಬಿಯಷ್ಟಿರುವ ಜಿಪಿಎಸ್ ರಿಸೀವರು. ಆಕಾಶದ ಉಪಗ್ರಹಗಳ ಮಾತು ಕೇಳಿ, ನಾವು ಎಲ್ಲಿದ್ದೇವೆಂದು ಲ್ಯಾಪ್‌ಟಾಪಿಗೆ ಹೇಳುವುದು ಅದರ ಕೆಲಸವಂತೆ. ಪಾಪ, ಅದನ್ನು ಸೀಟಿನ ಕೆಳಗೆ ಊಟದ ಡಬ್ಬಿಯ ಪಕ್ಕ ತುರುಕಿದ್ದರು. ಜೀಪು ನಮ್ಮ ಬಾಗಿಲಲ್ಲಿ ನಿಂತಿತು, ಇಂಜಿನ್ ಆರಿತು, ಚಾಲಕ ಇಳಿದು ಮೈಮುರಿದ. ಪರದೆಯ ಮೇಲಿನ ನೀಲಿ ಬಾಣ ಮಾತ್ರ ಓಡುತ್ತಲೇ ಇತ್ತು.

"ಅಲ್ಲ ಸಾರ್, ಜೀಪ್ ನಿಂತಿದೆ. ಬಾಣ ಎಲ್ಲಿಗೆ ಹೊರಟಿದೆ?" ಎಂದೆ.

"ಅದು ಮುಂದಿಂದೂ ಲೆಕ್ಕ ಹಾಕತ್ತಮ್ಮ. ಹೊಸ ಸಾಫ್ಟ್‌ವೇರು," ಎಂದರು.

ನಾನು ನಂಬಿದೆ. ಲ್ಯಾಪ್‌ಟಾಪ್ ಹಿಡಿದವರು ಹೇಳಿದ್ದನ್ನೆಲ್ಲ ನಂಬುವ ಚಾಳಿ ಯಾರಿಗಿಲ್ಲ ಹೇಳಿ?

ನಕ್ಷೆ ಹೊರಬಂದ ಮೇಲೆ ಒಂದು ಮಧ್ಯಾಹ್ನ ಅಕ್ಕನಿಗೆ ಉಸಿರು ಕಟ್ಟಿತು. ಫೋನ್ ಮಾಡಿದ ಕೂಡಲೇ ಆಂಬುಲೆನ್ಸ್ ಹೊರಟಿತು, ಸುಳ್ಳು ಹೇಳಬಾರದು. ಸ್ವಲ್ಪ ಹೊತ್ತಿಗೆ ಅದರ ಚಾಲಕನೇ ಫೋನ್ ಮಾಡಿದ.

"ಅಮ್ಮಾ, ಕೆರೆ ದಂಡೇಲಿದೀನಿ. ನಿಮ್ಮನೆ ನೀರಲ್ಲಿ ತೋರಿಸ್ತಿದೆ. ಏನ್ ಮಾಡ್ಲಿ?"

"ಎಡಕ್ಕೆ ತಿರುಗಿ, ಮಾರ್ಕೆಟ್ ದಾಟ್ಕೊಂಡು ಬಾರಪ್ಪಾ!" ಎಂದು ಕಿರುಚಿದೆ.

"ನಕ್ಷೆ ಬಿಟ್ಟು ಹೋಗೋ ಹಾಗಿಲ್ಲಮ್ಮ. ಗಾಡಿ ಬೇರೆ ಕಡೆ ತಿರುಗಿಸಿದ್ರೆ ಆಫೀಸಲ್ಲಿ ಕೆಂಪು ದೀಪ ಹತ್ತತ್ತೆ, ನನ್ ಕೆಲಸ ಹೋಗತ್ತೆ. ಕೈ ಮುಗೀತೀನಿ, ನೀವೇ ಕರ್ಕೊಂಡ್ ಬಂದ್ಬಿಡಿ."

ಕರೆದುಕೊಂಡು ಹೋದೆವು. ಎದುರು ಮನೆಯ ಇಸ್ತ್ರಿಯವನು ತನ್ನ ತಳ್ಳುಗಾಡಿಯಿಂದ ಬಟ್ಟೆಗಂಟು ಕೆಳಗೆ ಎಸೆದು, ಅಕ್ಕನನ್ನು ಕೂರಿಸಿಕೊಂಡು ತಳ್ಳಿದ. ನಾನು ಅವಳ ಬೆನ್ನಿಗೆ ಕೈಕೊಟ್ಟು ಪಕ್ಕದಲ್ಲೇ ಓಡಿದೆ. ಅವಳ ತುಟಿ ನೀಲಿಗಟ್ಟಿತ್ತು. ಆಗ ತಮ್ಮ ಮೇಲೆ ನನಗೆ ಬಂದ ಸಿಟ್ಟನ್ನು ಇದ್ದಂತೆ ಬರೆದರೆ ಈ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಅಕ್ಕ ಬದುಕಿದಳು. ಇನ್ನೊಂದು ಸಲ ಹೀಗೆ ತಡವಾದರೆ ಡಾಕ್ಟರ ಕೈಯಲ್ಲೂ ಏನೂ ಇರುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು.

ಸುದ್ದಿ ತಿಳಿದ ಸರ್ವೆಯರ್ ತಾವಾಗಿಯೇ ಯಂತ್ರ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಮುಖ ಸಪ್ಪಗಿತ್ತು. ಕತ್ತರಿ, ಬಟ್ಟೆ ಎಲ್ಲ ಸರಿಸಿ ನನ್ನ ಹೊಲಿಗೆ ಮೇಜು ಬಿಟ್ಟುಕೊಟ್ಟೆ. ವೈರು ಚುಚ್ಚಿದೊಡನೆ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ರಿಸೀವರ್ ಸಿಗುತ್ತಿಲ್ಲ, ಮಾದರಿ ಪ್ರಯಾಣ ತೋರಿಸಲೇ? ಅವರ ಬೆರಳು ತಂತಾನೇ 'ಸರಿ' ಒತ್ತಿತು. ಬಾಣ ಓಡತೊಡಗಿತು.

"ಸಾರ್, ಈಗೇನೋ ಕೇಳ್ತಲ್ಲ, ಓದಿದ್ರಾ?"

"ಇಲ್ಲಮ್ಮ. ಅದು ಏನ್ ಕೇಳಿದ್ರೂ ಸರಿ ಒತ್ತಿ ಮುಂದೆ ಹೋಗಿ ಅಂತ ಸಾಹೇಬ್ರ ಆರ್ಡರು. ಓದ್ತಾ ಕೂತ್ರೆ ಕೆಲಸ ಸಾಗಲ್ಲ ಅಂತಾರೆ."

ಸಾಹೇಬರೆಂದರೆ ತಾವೇ. ಅಂದರೆ ಲ್ಯಾಪ್‌ಟಾಪು ತನಗೇನೂ ಕೇಳಿಸುತ್ತಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು, ಒಂದು ಕಟ್ಟುಕಥೆ ಹೇಳಲು ಅಪ್ಪಣೆ ಬೇಡಿತ್ತು. ತಮ್ಮ ಕಚೇರಿ ಅಪ್ಪಣೆ ಕೊಟ್ಟಿತ್ತು. ನಮ್ಮ ಗಲ್ಲಿಗೆ ಜೀಪು ಬಂದ ಹಿಂದಿನ ದಿನ ಸರ್ವೆಯರ್ ದೋಣಿಯಲ್ಲಿ ಕೂತು ಕೆರೆಯನ್ನು ಅಳೆದಿದ್ದರಂತೆ. ನಿಜವಾದ ಅಳತೆ ಎಲ್ಲಿ ನಿಂತಿತ್ತೋ ಕಥೆ ಅಲ್ಲಿಂದಲೇ ಶುರುವಾಗಿ, ನಮ್ಮ ಗಲ್ಲಿ ಪೂರ್ತಿ ನೀರುಪಾಲಾಯಿತು.

ರಿಪೇರಿಗೆ ಇಡೀ ಗಲ್ಲಿ ನೆರೆಯಿತು. ವೈರಿನ ತುದಿ ಒರೆಸಿ ಚುಚ್ಚಿ ಎಂದ ಇಸ್ತ್ರಿಯವನು. ಒಂದು ಸಲ ಆರಿಸಿ ಹಚ್ಚಿ ಎಂದರು ಪಕ್ಕದ ಮನೆ ಮೇಷ್ಟ್ರು. ಅವರು ಫ್ಯಾನಿಗೂ ಅದನ್ನೇ ಹೇಳುತ್ತಾರೆ. ನಾನು ಜಾಣತನದಿಂದ ನನ್ನ ಫೋನಿನ ಚಾರ್ಜರ್ ವೈರು ತಂದುಕೊಟ್ಟೆ. ರಿಸೀವರಿನ ದೀಪ ಹತ್ತಿತು, ಎಲ್ಲರೂ ಹೋ ಎಂದರು, ಆದರೆ ಅದು ಬರೀ ಕರೆಂಟು ಹಾಯಿಸುವ ವೈರಂತೆ, ಮಾತು ದಾಟಿಸುವುದಿಲ್ಲವಂತೆ. ಹಳೆಯ ವೈರನ್ನೇ ಮತ್ತೆ ಹಾಕಿ ಸರ್ವೆಯರ್ ಸೆಟ್ಟಿಂಗು ತೆರೆದರು. ಆಗ ಸಿಕ್ಕಿತು ನೋಡಿ. ದೋಣಿ ಇಳಿದ ಮೇಲೆ ಅವರು ವೈರನ್ನು ಲ್ಯಾಪ್‌ಟಾಪಿನ ಬೇರೆ ಪೋರ್ಟಿಗೆ, ಅಂದರೆ ಬೇರೆ ಕಿಂಡಿಗೆ, ಚುಚ್ಚುತ್ತಿದ್ದರಂತೆ. ರಿಸೀವರು ಒಂದು ಪೋರ್ಟಿನಲ್ಲಿ ಮಾತಾಡುತ್ತಿದೆ, ಸಾಫ್ಟ್‌ವೇರು ಇನ್ನೊಂದು ಪೋರ್ಟಿಗೆ ಕಿವಿಕೊಟ್ಟು ಕೂತಿದೆ. ತಮ್ಮ ಕಚೇರಿಯ ಕೌಂಟರುಗಳಲ್ಲೂ ಹೀಗೇ ಆಗುವುದರಿಂದ ನಮಗೆ ಥಟ್ಟನೆ ಅರ್ಥವಾಯಿತು.

ಪೋರ್ಟು ಬದಲಿಸಿ, ಎಲ್ಲವನ್ನೂ ಮಹಡಿಗೆ ಒಯ್ದು, ರಿಸೀವರನ್ನು ಗೋಡೆಯ ಮೇಲೆ ಬಯಲಿಗಿಟ್ಟು ಕಾದೆವು. ಬಾಣ ಕೆರೆಯಿಂದ ಚಂಗನೆ ನೆಗೆದು ನಮ್ಮ ಮನೆಯ ಮೇಲೆ ಬಂದು ಕೂತಿತು. ಕೂತದ್ದು ಅಲುಗಲಿಲ್ಲ.

"ಅಬ್ಬಾ, ನಮಗೂ ಒಂದು ವಿಳಾಸ ಆಯ್ತು ಕಣೇ," ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು.

ಆ ಸರಿಯಾದ ಅಳತೆಯನ್ನು ಸರ್ವೆಯರ್ ತಮ್ಮ ಮುಂದಿಟ್ಟಾಗ ತಾವು ಮಾಡಿದ್ದೇನು? ಅನುಮೋದನೆಯಾದ ನಕ್ಷೆಯನ್ನು ಮುಂದಿನ ಪರಿಷ್ಕರಣೆಯವರೆಗೆ ತಿದ್ದಲು ಬರುವುದಿಲ್ಲ ಎಂದಿರಿ. ಕಚೇರಿಯ ಯಂತ್ರವನ್ನು ಅನುಮತಿಯಿಲ್ಲದೆ ಹೊರಗೆ ಒಯ್ದದ್ದಕ್ಕೆ ಅವರಿಗೇ ಮೆಮೋ ಕೊಟ್ಟಿರಿ. ಸ್ವಾಮೀ, ನಾನೂ ಅಳತೆಯಿಂದಲೇ ಹೊಟ್ಟೆ ಹೊರೆಯುವವಳು. ಅಂಗಿಯ ತೋಳು ಗಿಡ್ಡವಾದರೆ ಬಿಚ್ಚಿ ಹೊಲಿಯುತ್ತೇನೆ. ಕೈಯನ್ನೇ ಮೋಟು ಮಾಡಿಕೊಂಡು ಬನ್ನಿ ಎಂದು ಗಿರಾಕಿಗೆ ಹೇಳುವುದಿಲ್ಲ. ಹೇಳಿದರೆ ಅವರು ನನ್ನ ಕತ್ತರಿಯನ್ನೇ ಕಿತ್ತುಕೊಳ್ಳುತ್ತಾರೆ. ತಮ್ಮ ಕೈಯಿಂದ ಕಿತ್ತುಕೊಳ್ಳುವವರು ಯಾರೂ ಇಲ್ಲವೆಂಬ ಧೈರ್ಯವೇ?

ನನ್ನ ಬೇಡಿಕೆ ದೊಡ್ಡದಲ್ಲ. ಮೆಮೋ ಹಿಂದಕ್ಕೆ ಪಡೆಯಿರಿ. ನಮ್ಮ ಗಲ್ಲಿಯನ್ನು ಅದು ಇರುವ ಜಾಗದಲ್ಲಿ ಇಡಿ. ಹಾಗೆ ಮಾಡಲು ಪರದೆ ಒಪ್ಪಿಗೆ ಕೇಳಿದರೆ, ಈ ಒಂದು ಸಲ ಓದಿ, ಆಮೇಲೆ 'ಸರಿ' ಒತ್ತಿ.

ಬೇಗ ಒತ್ತಿ. ಏಕೆಂದರೆ ಅಕ್ಕ ಈಗ ತಿಂಡಿ ಮುಗಿಸಿ, ಇನ್ಹೇಲರು ಚೀಲಕ್ಕೆ ಹಾಕಿಕೊಂಡು, ದಿನಾ ಕೆರೆ ದಂಡೆಯ ಬೆಂಚಿನ ಮೇಲೆ ಹೋಗಿ ಕೂರುತ್ತಾಳೆ. ಬೇಡವೇ ಎಂದು ಗೋಗರೆದರೆ ನಗುತ್ತಾಳೆ. "ಗಾಡಿ ಬರೋದು ಅಲ್ಲಿಗೇ ತಾನೇ? ನಾನು ಮೊದ್ಲೇ ಹೋಗಿ ಕೂತಿರ್ತೀನಿ ಬಿಡು. ಎಲ್ಲರಿಗೂ ಓಡಾಟ ತಪ್ಪತ್ತೆ."

ಚಳಿ ಶುರುವಾಗಿದೆ ಮಾನ್ಯರೇ. ಕೆರೆಯ ಗಾಳಿ ಉಬ್ಬಸದವರಿಗೆ ಆಗುವುದಿಲ್ಲ.

ಇಂತಿ,
ತಮ್ಮ ನಕ್ಷೆಯಲ್ಲಿ ಮುಳುಗಿದವಳು,
ಅಕ್ಕನ ಸ್ವೆಟರ್ ಹಿಡಿದು ಕೆರೆ ದಂಡೆಗೆ ಹೊರಟಿರುವ
ಟೈಲರಮ್ಮ