ಟೀವಿಯವರು ಹಿಡಿದ ಹಗಲಾಟ

ಅಪ್ಪಯ್ಯಾ,

ಹೋದ ತಿಂಗಳು ದಬ್ಬೇಘಟ್ಟದ ಹೋಟೆಲಿನಲ್ಲಿ ಒಬ್ಬ ಹುಡುಗನಿಗೆ ಹೊಡೆದುಬಿಟ್ಟೆ. ನಾನು, ನಿನ್ನ ಮಗಳು. ಹೋಟೆಲಿನಲ್ಲಿ ಇನ್ನೊಂದು ಲೋಟ ನೀರು ಕೇಳಲೂ ನಾಚುವವಳು. ಜನರ ನಡುವಿನಿಂದ ಯಾರೋ ಹಿಡಿದ ತುಣುಕು ಅವನ ಮೊಬೈಲಿನಲ್ಲಿತ್ತು, ನೀನು ಬೀಳುವುದನ್ನು ಗೆಳೆಯರಿಗೆ ತೋರಿಸುತ್ತಿದ್ದ. "ನೋಡ್ಲಾ, ಇದು ಟೀವಿಯೋರು ಬಂದಾಗ ಆಟದಲ್ಲಿ ಕಡ್ದಿದ್ದು. ಮಾರನೆ ಬೆಳಿಗ್ಗೆ ತ್ವಾಟದಾಗೆ ದಿಟವಾಗ್ಲೂ ಕಡ್ದ," ಎಂದು ನಗುತ್ತಿದ್ದ. ಟೇಬಲ್ಲಿನ ಮೇಲಿದ್ದ ಸ್ಟೀಲ್ ಜಗ್ಗು ನನ್ನ ಕೈಗೆ ಹೇಗೆ ಬಂತೋ. ಮೊಬೈಲು ನೆಲಕ್ಕೆ ಬಿತ್ತು, ಅವನ ಬೆರಳು ಒಡೆದು ರಕ್ತ ಬಂತು.

"ಯಾಕಕ್ಕಾ, ಹುಚ್ಚು ಹಿಡಿದೈತಾ ನಿಂಗೆ?"

"ಅದು ನಮ್ಮಪ್ಪ ಕಣೋ," ಎಂದೆ. ಯಾರೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು.

ಆ ಟೀವಿಯವರ ಕಾರ್ಯಕ್ರಮ ನೋಡಲೆಂದು ನೀನು ಅವ್ವನ ಧಾರಾವಾಹಿಯನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆಯಲ್ಲ, ಆ ಜಗಳಗಳೂ ಈಗ ಸಿಹಿಯಾಗಿ ಕಾಣುತ್ತವೆ. ಸರ್ಕಾರಿ ಚಾನಲ್ಲಿನಲ್ಲಿ ವಾರಕ್ಕೊಂದು ಸಲ ಬರುತ್ತಿತ್ತು. ಬೆಂಗಳೂರಿನ ನಾಟಕ, ಗೋಡೆ ಮೇಲೆ ಚಿತ್ರ ಬರೆಯುವವರು, ಯಾವುದೋ ಪೇಟೆಬೀದಿಯಲ್ಲಿ ವೀಣೆ ಮಾಡುವ ಮುದುಕರು. "ಒಂದು ಹೊಡೆದಾಟ ಇಲ್ಲ, ಒಂದು ಅಳು ಇಲ್ಲ, ಅದೇನು ನೋಡ್ತೀರೋ," ಎಂದು ಅವ್ವ ಗೊಣಗಿದರೆ ನೀನು ಮೀಸೆಯಲ್ಲೇ ನಗುತ್ತಿದ್ದೆ. "ನಮ್ಮಾಟದಾಗೆ ಎಲ್ಡೂ ಅವೆ ಕಣೇ. ಅವರಿಗಿನ್ನೂ ಗೊತ್ತಿಲ್ಲ." ಆಮೇಲೆ ನೀನೇ ಫೋನು ಮಾಡಿ ಮಾಡಿ ಅವರನ್ನು ಕರೆಸಿದೆ. ಅವರು ಕ್ಯಾಮೆರಾದಲ್ಲಿ ತಿಪಟೂರಿನ ಕೊಬ್ಬರಿ ಮಂಡಿ ಹಿಡಿದರು, ತುರುವೇಕೆರೆಯ ಟೈಲರ್ ಬೀದಿ ಹಿಡಿದರು, ಕೊನೆಗೆ ನಮ್ಮೂರಿಗೆ ಮೂಡಲಪಾಯ ಯಕ್ಷಗಾನದ ಆಟ ಹಿಡಿಯಲು ಬಂದರು. ಆ ದಿನ ಬೆಳಿಗ್ಗೆ ನೀನು ಕನ್ನಡಿ ಮುಂದೆ ಕೂತು ರಾಕ್ಷಸನ ಬಣ್ಣ ಬಳಿದುಕೊಳ್ಳುತ್ತಾ, "ಮಗಾ, ಕಣ್ಣಿನ ಕೆಂಪು ಸಾಲ್ದೇನೋ ನೋಡು," ಎಂದದ್ದು...

ಪಾಪಣ್ಣನೂ ನಿನ್ನ ಪಕ್ಕದಲ್ಲೇ ಕೂತು ರಾಜನ ಬಣ್ಣ ಬಳಿದುಕೊಂಡ. ನನಗೆ ತಿಳಿವಳಿಕೆ ಬಂದಾಗಿನಿಂದ ಅವನು ರಾಜ, ನೀನು ರಾಕ್ಷಸ. ಅವನ ತೋಟಕ್ಕೂ ನಮ್ಮ ತೋಟಕ್ಕೂ ನಡುವಿನ ಬದುವಿನ ಮೇಲಿನ ತೆಂಗಿನ ಮರ ಯಾರದು ಎಂದು ಜಗಳವಾಗಿ ನೀವಿಬ್ಬರೂ ಮಾತು ಬಿಟ್ಟಿದ್ದಿರಿ. ಆದರೂ ಆಟ ನಿಂತಿರಲಿಲ್ಲ, ಯಾಕೆಂದರೆ ನಮ್ಮ ಮೇಳದ ಶಾಸ್ತ್ರ ಗಟ್ಟಿಯಾಗಿತ್ತು. ವಧೆ ಆದಮೇಲೆ ಕೊಂದವನು ಬಿದ್ದವನ ಕೈ ಹಿಡಿದು, "ಎದ್ದೇಳಪ್ಪಾ, ಆಟ ಮುಗೀತು," ಎಂದು ಎಬ್ಬಿಸಬೇಕು. ಇಬ್ಬರೂ ಒಂದೇ ಎಳನೀರು ಕುಡಿಯಬೇಕು. ಅದಾಗದೆ ಯಾರೂ ಬಣ್ಣ ಒರೆಸುವ ಹಾಗಿರಲಿಲ್ಲ. ಮಾತು ಬಿಟ್ಟ ಮೇಲೂ ಪಾಪಣ್ಣ ನಿನ್ನನ್ನು ಎಬ್ಬಿಸಿದ್ದನ್ನು, ನೀನು ಅವನ ಎಂಜಲು ಎಳನೀರು ಕುಡಿದದ್ದನ್ನು ನಾನೇ ನೋಡಿದ್ದೇನೆ.

ಕ್ಯಾಮೆರಾ ಮುಂದೆ ಪಾಪಣ್ಣ ಮೊದಲ ಸಲ ಕತ್ತಿ ಬೀಸಿದಾಗ ಟೀವಿಯ ಮೇಡಂ, "ಹೊಡೆದ ಹಾಗೇ ಕಾಣ್ತಿಲ್ಲ, ಇನ್ನೂ ಜೋರಾಗಿ," ಎಂದರು. ಅವನು ಮತ್ತೆ ಬೀಸಿದ. "ಇನ್ನೂ ಜೋರಾಗಿ." ಮರದ ಕತ್ತಿಯೇ ಆದರೂ ಈ ಸಲ ನಿನ್ನ ಕಿವಿಗೆ ಬಿತ್ತು. ಕಿರೀಟ ಉರುಳಿ ಹೋಗಿ ನಾಯಿಯ ಮುಂದೆ ನಿಂತಿತು. ಜನ ನಕ್ಕರು. ನೀನು ತಿರುಗಿದವನೇ ಪಾಪಣ್ಣನ ಕೆನ್ನೆಗೆ ಬಾರಿಸಿದೆ. ಅವನ ಬಾಯಿಂದ ರಕ್ತ ಬಂತು. ಅದೂ ಆಟವೇ ಎಂದು ಕ್ಯಾಮೆರಾದವರು ಹಿಡಿಯುತ್ತಲೇ ಇದ್ದರು. ಆಮೇಲೆ ನೀವು ಕುಣಿದದ್ದು ಕುಣಿತವೇ ಅಪ್ಪಯ್ಯಾ? ಇಬ್ಬರ ಉಸಿರೂ ಹೋರಿಗಳ ಉಸಿರಿನ ಹಾಗೆ ಕೇಳುತ್ತಿತ್ತು. ಕೊನೆಯ ಏಟಿಗೆ ನೀನು ದಪ್ಪನೆ ಬಿದ್ದೆ.

"ಅದ್ಭುತ! ಹಾಗೇ ಬಿದ್ದಿರಿ ಯಜಮಾನ್ರೇ," ಎಂದರು ಮೇಡಂ. ಬೆಳಕು ಹೋಗುತ್ತದೆ ಎಂದು ಎಲ್ಲರೂ ಸ್ತ್ರೀವೇಷದವರ ಕುಣಿತ ಹಿಡಿಯಲು ಆ ಕಡೆ ಓಡಿದರು. ಎಳನೀರು ಕೆತ್ತಿ ತಂದವರನ್ನು ನಮ್ಮ ಭಾಗವತರೇ ತಡೆದರು. "ದೀಪ ಹಚ್ಚಿಲ್ಲ, ಗಣಪತಿ ಪೂಜೆ ಆಗಿಲ್ಲ. ಇದು ಸೂಟಿಂಗು ಕಣ್ರಯ್ಯಾ, ಆಟ ಅಲ್ಲ. ಎಬ್ಬಿಸೋ ಶಾಸ್ತ್ರ ಇದಕ್ಕಿಲ್ಲ ಬುಡಿ." ಸರಿಯಾದ ಮಾತು ಎಂದು ಎಲ್ಲರಿಗೂ ಅನಿಸಿತು. ನನಗೂ ಅನಿಸಿತು. ಪಾಪಣ್ಣ ಆ ಎಳನೀರನ್ನು ಇಸಿದುಕೊಂಡು, ನಿನ್ನನ್ನೇ ನೋಡುತ್ತಾ, ಒಬ್ಬನೇ ಕುಡಿದ. ನೀನು ಒಬ್ಬನೇ ಎದ್ದೆ. ನಿನ್ನ ಮುಖ ಒರೆಸಿದ ಬಟ್ಟೆಯಲ್ಲಿ ಬಣ್ಣ ಯಾವುದು, ರಕ್ತ ಯಾವುದು ಎಂದು ನನಗೆ ಗೊತ್ತಾಗಲಿಲ್ಲ.

ಮಾರನೆ ಬೆಳಿಗ್ಗೆ ತೋಟಕ್ಕೆ ನಿನಗೆ ರೊಟ್ಟಿ ತರುತ್ತಿದ್ದೆ. ಬದುವಿನ ಮೇಲೆ ಪಾಪಣ್ಣ ಮಚ್ಚು ಹಿಡಿದು ಆ ಮರದಿಂದ ಬಿದ್ದ ಗರಿ ಸವರುತ್ತಿದ್ದ. "ಏನ್ಲಾ, ಟೀವೀಲಿ ಗೆದ್ರೆ ಮರಾನೂ ನಿಂದಾಯ್ತಾ?" ಎಂದೆ ನೀನು.

"ಬಿದ್ದೋನು ಬಿದ್ದಿರ್ಬೇಕು. ಎಬ್ಸಿಲ್ಲ ನಾನು ನಿನ್ನ," ಎಂದ ಅವನು.

ನೀನು ಅವನ ಕೊರಳಪಟ್ಟಿಗೆ ಕೈ ಹಾಕಿದೆ. ಮಚ್ಚು ಮೊದಲು ನಿನ್ನ ಭುಜಕ್ಕೆ ಬಿತ್ತು. ತಡೆಯಲು ಎತ್ತಿದ ಅಂಗೈ ಸೀಳಿತು. ಆಮೇಲೆ ಕುತ್ತಿಗೆ. ಎಳನೀರು ಕೆತ್ತುವಾಗ ಆಗುವಂಥದೇ ಸದ್ದು ಅಪ್ಪಯ್ಯಾ, ಈಗಲೂ ಯಾರಾದರೂ ಕೆತ್ತಿದರೆ ನಾನು... ನಾನು ಕೂಗಲಿಲ್ಲ. ನೀನು ಏಳುತ್ತೀಯ ಎಂದು ನೋಡುತ್ತಾ ನಿಂತೆ. ಪ್ರತಿ ಸಲವೂ ಏಳುತ್ತಿದ್ದೆಯಲ್ಲ? ಪಾಪಣ್ಣನೂ ಮಚ್ಚು ಎಸೆದು ಮಂಡಿಯೂರಿ, ನಿನ್ನ ಸೀಳಿದ ಕೈಯನ್ನೇ ಹಿಡಿದು ಜಗ್ಗಿದ. "ಎದ್ದೇಳಪ್ಪಾ, ಎದ್ದೇಳೋ, ಮುಗೀತು," ಎಂದು ಊರಿಗೆಲ್ಲ ಕೇಳುವ ಹಾಗೆ ಕಿರುಚಿದ. ಪೊಲೀಸರು ಬಂದು ಬಿಡಿಸುವವರೆಗೂ ಆ ಕೈ ಬಿಡಲಿಲ್ಲ. ಅವನೀಗ ಜೈಲಿನಲ್ಲಿದ್ದಾನೆ. ಅವನ ಮೇಲೆ ನನಗೆ ಕನಿಕರ ಬಂದಿಲ್ಲ.

ಆ ಆಟವನ್ನು ಟೀವಿಯಲ್ಲಿ ಹಾಕಬಹುದೇ ಎಂದು ಕೇಳಲು ಮೊನ್ನೆ ಮೇಡಂ ಫೋನು ಮಾಡಿದಾಗ ಅವ್ವ ಮುಟ್ಟಲೇ ಇಲ್ಲ. "ಸುಟ್ಟಾಕ್ಲಿ ಅದನ್ನ," ಎಂದು ಮುಖ ತಿರುಗಿಸಿದಳು. ನಾನೇ ಮಾತಾಡಬೇಕಾಯಿತು. ನಾನು ಫೋನಿನಲ್ಲಿ ಹೂಂ ಎನ್ನುವುದೂ ಕಷ್ಟವೆಂದು ನಿನಗೆ ಗೊತ್ತು. ಆದರೆ ನಿನ್ನ ದನಿ, ನಿನ್ನ ಕುಣಿತ ಪೂರ್ತಿಯಾಗಿ ಇರುವುದು ಅವರ ಹತ್ತಿರ ಮಾತ್ರ. ಅದನ್ನು ಸುಡಲು ಹೇಗೆ ಹೇಳಲಿ? ಹಾಗೆಂದು ಮೊಬೈಲಿನಲ್ಲಿ ಬೀಳುತ್ತಿರುವ ನಿನ್ನನ್ನು ಊರೂರಿನ ಟೀವಿಯಲ್ಲೂ ಬೀಳಲು ಬಿಡಲೇ?

"ನೀವು ಬೇಡ ಅಂದ್ರೆ ಹಾಕಲ್ಲಮ್ಮ," ಎಂದರು ಮೇಡಂ. "ಹಾಕಿದ್ರೆ ಮಾತ್ರ ಪೂರ್ತಿ ಹಾಕ್ಬೇಕು. ವಧೆ ಇಲ್ದೆ ಕಥೆ ಮುಗಿಯಲ್ಲ."

"ವಧೆಗೆ ಮುಗಿಯಲ್ಲ ಮೇಡಂ. ಎಬ್ಸಿದ ಮ್ಯಾಲೆ ಮುಗಿಯೋದು. ಎಬ್ಸೋದು ನಿಮ್ಮತ್ರ ಐತಾ?"

"ಇಲ್ಲ."

"ಹಂಗಾದ್ರೆ ಬೀಳೋದೂ ಬ್ಯಾಡ. ನಿಂತಿರೋಗಂಟ ತೋರ್ಸಿ, ಸಾಕು."

"ಮೇಲಿನವರನ್ನ ಕೇಳ್ಬೇಕಮ್ಮ. ನಾನು ಮಾತು ಕೊಡಕ್ಕಾಗಲ್ಲ," ಎಂದು ಇಟ್ಟುಬಿಟ್ಟರು. ಅವ್ವ ಒಳಗಿನಿಂದಲೇ, "ತೋರ್ಸೇ ತೋರ್ಸ್ತಾರೆ ನೋಡ್ತಿರು. ಜನಕ್ಕೆ ಬೇಕಾಗಿರೋದು ರಕ್ತ ತಾನೇ," ಎಂದಳು.

ನಿನ್ನೆ ಸಂಜೆ ಬಂತು ಅಪ್ಪಯ್ಯಾ, ನಿನ್ನ ಕಾರ್ಯಕ್ರಮ. ನೋಡುವುದಿಲ್ಲ ಎಂದಿದ್ದ ಅವ್ವ ಬಾಗಿಲ ಪಕ್ಕ ಬಂದು ಕೂತಳು. ಮಂಡಿ ಬಂತು, ಟೈಲರ್ ಬೀದಿ ಬಂತು, ನೀನು ಬಂದೆ. ಕ್ಯಾಮೆರಾ ಕಡೆ ನೋಡಿ, "ರಾಕ್ಷಸಂಗೆ ಹೊಟ್ಟೆ ಇರ್ಬೇಕು ಸ್ವಾಮಿ, ಅದಕ್ಕೇ ನಮ್ಮನೇಲಿ ಚೆನ್ನಾಗಿ ಬಡಿಸ್ತಾರೆ," ಎಂದೆ. ಅವ್ವ ನಕ್ಕಳು. ಎಷ್ಟು ದಿನವಾಗಿತ್ತೋ. ಆಮೇಲೆ ಮದ್ದಲೆ ಜೋರಾಯಿತು. ನೀನೂ ಪಾಪಣ್ಣನೂ ಎದುರುಬದುರು ಸುತ್ತತೊಡಗಿದಿರಿ. ನಿನ್ನ ಕಿವಿಯ ಹತ್ತಿರದ ರಕ್ತ ಕಂಡಿತು. ಇದು ಕೊನೆಯ ಸಲದ್ದು, ಇದರಲ್ಲೇ ನೀನು ಬೀಳುವುದು ಎಂದು ನನಗೆ ಗೊತ್ತಾಯಿತು. ಅವ್ವನಿಗೂ ಗೊತ್ತಾಯಿತು. ಸೆರಗನ್ನು ಪೂರ್ತಿ ಮುಖಕ್ಕೆ ಎಳೆದುಕೊಂಡಳು. ಪಾಪಣ್ಣನ ಕತ್ತಿ ಮೇಲೆದ್ದಿತು. ನೀನು ಎದೆ ಸೆಟೆಸಿ ಅಬ್ಬರಿಸಿದೆ. ಮದ್ದಲೆ ನಿಂತಿತು, ಚಿತ್ರವೂ ಅಲ್ಲಿಗೇ ನಿಂತಿತು.

"ಬಿದ್ರೇನೇ?" ಎಂದಳು ಅವ್ವ ಸೆರಗಿನೊಳಗಿಂದ.

"ಇಲ್ಲ ಕಣವ್ವ," ಎಂದೆ. "ನಿಂತವ್ರೆ."